ಕಡೆಯ ದಿನದ ಮುಖ

ಹೊನ್ನೂರಪ್ಪ ಸತ್ತ ಸುದ್ದಿ ಬಳ್ಳಾರಿಯಲ್ಲಿದ್ದ ಅವನ ತಮ್ಮನ ಮಗ ಹನುಮಂತುವಿಗೆ ತಡವಾಗಿ ಮುಟ್ಟಿತು. ಮಣ್ಣಿಗೆ ಸಿಗಲಿಲ್ಲ ಹುಡುಗ, ತಿಥಿಯ ದಿನದ ಊಟಕ್ಕೆ ಬಂದ. ಊಟ ಮುಗಿದ ಮೇಲೆ ನೇರ ಕೋಸಗಿ ಸ್ಟೇಷನ್ನಿಗೆ ನಡೆದು ಬಂದು ನನ್ನ ಟಿಕೆಟ್ ಕಿಟಕಿಗೆ ಮುಖ ಹಚ್ಚಿದ.

"ಆಚಾರ್ರ, ನಮ್ಮ ದೊಡ್ಡಪ್ಪಂದು ಒಂದು ಫೋಟೋ ಏನರ ನಿಮ್ಮತ್ರ ಐತೇನ್ರಿ?"

"ಅವನ ಟ್ರಂಕಿನಾಗ ಇರಬೇಕಲ್ಲೋ."

"ಅದಾವ್ರಿ. ಒಂದರಾಗ ಕೊರವಂಜಿ ಆಗ್ಯಾನ. ಒಂದರಾಗ ಮಂಡೋದರಿ. ಇನ್ನೊಂದರಾಗ ಶೂರ್ಪಣಖಿ. ಗ್ವಾಡಿಗೆ ಹಾಕಿ ಹೂವಿನ ಹಾರ ಹಾಕಬೇಕಂತ ಮಾಡೀನಿ. ಶೂರ್ಪಣಖಿಗೆ ಹಾರ ಹಾಕಿ ಊದಿನಕಡ್ಡಿ ಹಚ್ಚಾಕ ಬರತೈತೇನ್ರಿ?"

ನನಗೆ ಮೊದಲು ನಗು ಬಂತು. ಆಮೇಲೆ ಹುಡುಗ ನಗುತ್ತಿಲ್ಲ ಎನ್ನುವುದು ಕಂಡಿತು. ಕಿಟಕಿ ಮುಚ್ಚಿ ಹೊರಗೆ ಬಂದು ಅವನ ಪಕ್ಕ ಬೆಂಚಿನ ಮೇಲೆ ಕೂತೆ. ಅದೇ ಬೆಂಚಿನ ಮೇಲೆ ಹೊನ್ನೂರಪ್ಪ ಎಷ್ಟೋ ವರ್ಷ ಮಧ್ಯಾಹ್ನದ ಹೊತ್ತು ನನ್ನ ಜೊತೆ ಕೂತಿದ್ದ.

ಹೊನ್ನೂರಪ್ಪ ಹಗಲುವೇಷದವನು. ಹಗಲುವೇಷ ನೋಡದವರಿಗಾಗಿ ಎರಡು ಮಾತು ಹೇಳಬೇಕು. ಇವರದು ರಾತ್ರಿ ದೀಪ ಹಚ್ಚಿ ಆಡುವ ಆಟವಲ್ಲ. ಸೂರ್ಯನ ಬೆಳಕಿನಲ್ಲೇ ಬಣ್ಣ ಬಳಿದುಕೊಂಡು, ಹಾರ್ಮೋನಿಯಂ, ತಬಲ ಕಟ್ಟಿಕೊಂಡು, ಓಣಿ ಓಣಿ ತಿರುಗಿ, ನಿಮ್ಮ ಮನೆಯ ಅಂಗಳದಲ್ಲೇ ಆಡುತ್ತಾರೆ. ಇವತ್ತು ರಾಮಾಯಣದ್ದು, ನಾಳೆ ಭಾರತದ್ದು, ನಾಡಿದ್ದು ಕೊರವಂಜಿ. ಊರಿನಲ್ಲಿ ಬೀಡು ಬಿಟ್ಟಷ್ಟು ದಿನ ದಿನಕ್ಕೊಂದು ವೇಷ. ವೇಷ ಹಾಕಿದ ದಿನ ಅವರು ಯಾರ ಹತ್ತಿರವೂ ಏನೂ ಕೇಳುವುದಿಲ್ಲ, ಜನ ಕೊಡುವುದೂ ಇಲ್ಲ. ರಾಮನ ವೇಷದವನಿಗೆ ಒಂದು ಹಿಡಿ ಜೋಳ ನೀಡಿದರೆ ರಾಮನಿಗೆ ಭಿಕ್ಷೆ ಹಾಕಿದ ಪಾಪ ಬರುತ್ತದಂತೆ. ಕಡೆಯ ದಿನ ಮಾತ್ರ ಬಣ್ಣ ತೊಳೆದು, ಬರೀ ಮುಖದಲ್ಲಿ, ಹೆಗಲಿಗೆ ಜೋಳಿಗೆ ಹಾಕಿಕೊಂಡು ಮನೆಮನೆಗೆ ಬರುತ್ತಾರೆ. ಕೇಳುವುದು ಅವತ್ತು, ಕೊಡುವುದೂ ಅವತ್ತೇ. ಈ ಪದ್ಧತಿಯನ್ನು ದಯವಿಟ್ಟು ಮರೆಯಬೇಡಿ. ಹೊನ್ನೂರಪ್ಪ ಒಮ್ಮೆ ಮರೆತ, ಅದಕ್ಕೇ ಇಷ್ಟೆಲ್ಲ ಬರೆಯಬೇಕಾಗಿ ಬಂದಿದೆ.

ನಾನು ಸೇತುಮಾಧವ. ಮಂತ್ರಾಲಯದವನು, ಕೋಸಗಿ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವನು. ಹೆಂಡತಿ ಮಕ್ಕಳು ಮಂತ್ರಾಲಯ ಬಿಟ್ಟು ಬರಲು ಒಪ್ಪಲಿಲ್ಲ. ಇಲ್ಲಿ ನೀರಿಲ್ಲ, ನೆರಳಿಲ್ಲ, ಮಾತಾಡಿಸುವ ನಾಲ್ಕು ಜನರಿಲ್ಲ ಎಂದು ಹೆಂಡತಿಯ ತಕರಾರು. ಅದರಲ್ಲಿ ಸುಳ್ಳೇನಿಲ್ಲ. ನಾನು ಕ್ವಾರ್ಟರ್ಸಿನಲ್ಲಿ ಒಬ್ಬನೇ ಅನ್ನ ಸಾರು ಮಾಡಿಕೊಂಡು, ಒಬ್ಬನೇ ತಿಂದು, ಒಬ್ಬನೇ ತಂಬಿಗೆ ತೊಳೆದಿಡುತ್ತಿದ್ದೆ. ಮಧ್ಯಾಹ್ನದ ಪ್ಯಾಸೆಂಜರ್ ಹೋದ ಮೇಲೆ ಸಂಜೆಯ ಗಾಡಿಯವರೆಗೆ ಸ್ಟೇಷನ್ನಿನಲ್ಲಿ ನಾಯಿ ಸಹ ಓಡಾಡುವುದಿಲ್ಲ. ಆ ಹೊತ್ತಿಗೆ ಹಳಿಯಾಚೆಯ ತನ್ನ ಗುಡಿಸಲಿನಿಂದ ಹೊನ್ನೂರಪ್ಪ ಬರುತ್ತಿದ್ದ. ಅವನಿಗೂ ಅಲ್ಲಿ ಯಾರಿರಲಿಲ್ಲ.

ಅವರ ಮೇಳ ದೊಡ್ಡದಿತ್ತು. ಸೋದರಮಾವ ನರಸಪ್ಪ ಯಜಮಾನ, ರಾವಣನ ವೇಷದವನು. ಹೊನ್ನೂರಪ್ಪ ಹೆಣ್ಣುವೇಷಕ್ಕೆ ಎತ್ತಿದ ಕೈ. ಆದವಾನಿ, ಆಲೂರು, ಚಿಪ್ಪಗಿರಿ ಕಡೆಯ ಹಳ್ಳಿಗಳೆಲ್ಲ ಅವರ ಹಕ್ಕಿನ ಊರುಗಳು, ಬೇರೆ ಮೇಳ ಅಲ್ಲಿ ಕಾಲಿಡುವ ಹಾಗಿರಲಿಲ್ಲ. ಆಮೇಲೆ ನರಸಪ್ಪ ಸತ್ತ. ಟೂರಿಂಗ್ ಟಾಕೀಸು ಬಂತು. ಹುಡುಗರು ಒಬ್ಬೊಬ್ಬರಾಗಿ ಬಳ್ಳಾರಿಗೆ, ಗುಂತಕಲ್ಲಿಗೆ ಕೂಲಿಗೆ ಹೋದರು. ಇವನೊಬ್ಬನೇ ಟ್ರಂಕು ಕಾಯ್ದುಕೊಂಡು ಉಳಿದ. ಸಂತೆಯ ದಿನ ಒಂದು ವೇಷ ಹಾಕಿ ಬಸ್ ಸ್ಟ್ಯಾಂಡಿನ ಕಡೆ ಹೋಗುತ್ತಿದ್ದ. ಹುಡುಗರು ಹಿಂದೆ ಓಡುತ್ತ "ರೇಯ್, ಶೂರ್ಪಣಖ ವಚ್ಚಿಂದಿರಾ!" ಎಂದು, ಶೂರ್ಪಣಖಿ ಬಂದಳೋ ಎಂದು, ತೆಲುಗಿನಲ್ಲಿ ಕೂಗಿ ಕಲ್ಲು ತೂರುತ್ತಿದ್ದರು. ಇವನು ಶೂರ್ಪಣಖಿಯ ದನಿಯಲ್ಲೇ ಬೈದು ಅವರನ್ನು ನಗಿಸುತ್ತಿದ್ದ.

ಬಣ್ಣ ತೊಳೆದ ಮೇಲೆ ಅವನೇ ಆ ದಾರಿಯಲ್ಲಿ ಬಂದರೆ ಒಬ್ಬರೂ ಗುರುತಿಸುತ್ತಿರಲಿಲ್ಲ. ಚಹಾದಂಗಡಿಯವನು ಮೂರು ಸಲ ಯಾವೂರಪ್ಪಾ ನಿಂದು ಎಂದು ಕೇಳಿದ್ದನ್ನು ನಾನೇ ಕೇಳಿದ್ದೇನೆ. ಹೊನ್ನೂರಪ್ಪ ಪ್ರತಿ ಸಲವೂ "ಇದ ಊರು" ಎಂದು ಹೇಳಿ ಸುಮ್ಮನೆ ಚಹಾ ಕುಡಿದ.

"ನೀನರ ಹೇಳಬಾರದೇನೋ, ನಾನು ಹೊನ್ನೂರಪ್ಪ ಅಂತ?" ಎಂದು ಒಮ್ಮೆ ರೇಗಿದೆ.

"ಹೇಳಿ ಏನು ಮಾಡಾಮು ಆಚಾರ್ರ? ಅವರು ನೋಡಿರಾದು ಬಣ್ಣ. ಬಣ್ಣಕ್ಕ ಚಲೋ ಮರ್ಯಾದಿ ಐತಿ. ಈ ಮುಖದಾಗ ಏನೈತಿ, ಬರೀ ಗ್ವಾಡಿ. ಸುಣ್ಣ ಹಚ್ಚಿದ್ರ ಚಂದ, ಇಲ್ಲಂದ್ರ ಮಣ್ಣು."

ಈ ಮಾತು ಅವನ ಬಾಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು. ಆದರೆ ಕೆಲಸದ ಮಾತು ಎತ್ತಿದರೆ ಆ ಮನುಷ್ಯ ಬೇರೆಯೇ ಆಗಿಬಿಡುತ್ತಿದ್ದ. ಅರದಾಳವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮುಖಕ್ಕೆ ಹಳದಿ ಹಚ್ಚುವುದು, ತುಟಿಗೆ ಇಂಗಳೀಕದ ಕೆಂಪು, ಕಣ್ಣಿಗೆ ಮನೆಯಲ್ಲೇ ಹಿಡಿದ ಕಾಡಿಗೆ, ತಲೆಗೆ ಚೌರಿ, ಇದನ್ನೆಲ್ಲ ಬೆರಳಿನಲ್ಲಿ ಗಾಳಿಯಲ್ಲೇ ಮಾಡಿ ತೋರಿಸುತ್ತಿದ್ದ. ಹೆಣ್ಣಿನ ನಡಿಗೆ ಎಲ್ಲಿ ಕಲಿತೆ ಎಂದು ಕೇಳಿದರೆ, ಬಾವಿ ಕಟ್ಟೆಯ ಮೇಲೆ ಎಂದ. ತುಂಬಿದ ಕೊಡ ಹೊತ್ತವಳು ಬೇರೆ ನಡೆಯುತ್ತಾಳೆ, ಖಾಲಿ ಕೊಡ ಹೊತ್ತವಳು ಬೇರೆ. ಗಂಡನ ಮನೆಗೆ ನೀರು ಹೊರುವವಳ ಹೆಜ್ಜೆಗೂ ತವರುಮನೆಗೆ ನೀರು ಹೊರುವವಳ ಹೆಜ್ಜೆಗೂ ವ್ಯತ್ಯಾಸವಿದೆ ಎಂದು ಎದ್ದು ನಿಂತು ಪ್ಲಾಟ್‌ಫಾರಮ್ಮಿನ ಮೇಲೆ ನಡೆದು ತೋರಿಸಿದ. ನರೆತ ತಲೆಯ ಮುದುಕ ತವರಿಗೆ ಬಂದ ಹುಡುಗಿಯಾದ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

"ಏನೇ ಹೇಳು, ನಿಮ್ಮದು ಸುಳ್ಳಿನ ವಿದ್ಯಾ. ಗಂಡಸು ಹೆಂಗಸಾಗೋದು, ಹಸಿದವ ರಾಜ ಆಗೋದು," ಎಂದು ಕೆಣಕಿದೆ.

ಅವನಿಗೆ ನೋವಾಯಿತು. "ವೇಷದಾಗ ಸುಳ್ಳು ಹೇಳಾಕ ಬರಂಗಿಲ್ಲ ಆಚಾರ್ರ. ಇದು ವೇಷ ಅಂತ ಎಲ್ಲಾರಿಗೂ ಗೊತ್ತೈತಿ. ಗೊತ್ತಿದ್ದ ಮ್ಯಾಲೆ ಸುಳ್ಳು ಎಲ್ಲಿಂದ ಬಂತು? ನನಗ ಉಲ್ಟಾ ಆಗೇತಿ. ಖರೇ ಅಂದ್ರ ಖರೇದು ಒಂದ ಮಾತು ಆಡೀನಿ ಜೀವಮಾನದಾಗ. ಅದನ್ನ ವೇಷದಾಗ ಆಡಿಬಿಟ್ಟೆ."

ಹಾಗೆ ಅವತ್ತು ಉಚ್ಚಮ್ಮನ ಮಾತು ಹೊರಗೆ ಬಿತ್ತು.

ಉಚ್ಚಮ್ಮ ಚಿಪ್ಪಗಿರಿಯವಳು, ಕುರಿ ಸಾಕುವವರ ಮನೆಯ ಹೆಣ್ಣು. ಮದುವೆಯಾಗಿ ಎರಡು ಬೆಳೆ ನೋಡುವುದರೊಳಗೆ ಗಂಡ ಸತ್ತು, ಅತ್ತೆಯ ಜೊತೆ ಇದ್ದಳು. ಅವರಲ್ಲಿ ಉಡಿಕೆ ನಡೆಯುತ್ತದೆ, ಎಂದರೆ ಗಂಡ ಸತ್ತವಳು ಮತ್ತೊಬ್ಬನ ಕೈಯಲ್ಲಿ ಸೀರೆ ಉಟ್ಟು ಸಂಸಾರ ಹೂಡಬಹುದು. ಆದರೆ ಊರೂರು ತಿರುಗುವ ವೇಷಗಾರನ ಜೊತೆ ಯಾರು ಒಪ್ಪುತ್ತಾರೆ? ಹೊನ್ನೂರಪ್ಪ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಮೇಳದೊಂದಿಗೆ ಆ ಊರಿಗೆ ಹೋಗುತ್ತಿದ್ದ. ಅವಳ ಅಂಗಳದಲ್ಲಿ ಆಡುವಾಗ ಅವನ ಕಣ್ಣು ಅವಳ ಮೇಲೆ, ಅವಳ ಕಣ್ಣು ವೇಷದ ಮೇಲೆ. ಹಾಗಂತ ಅವನು ತಿಳಿದುಕೊಂಡಿದ್ದ.

ಅರವತ್ತೊಂದೋ ಅರವತ್ತೆರಡೋ, ಒಂದು ವರ್ಷ ಕೊರವಂಜಿಯ ವೇಷ ಹಾಕಿ ಬುಟ್ಟಿ ಹೊತ್ತು ಅವಳ ಮನೆ ಮುಂದೆ ಕೂತ. ಕೊರವಂಜಿ ಎಂದರೆ ಕಣಿ ಹೇಳುವವಳು. ಓಣಿಯ ಹೆಂಗಸರೆಲ್ಲ ಮುತ್ತಿಕೊಂಡರು. ಒಬ್ಬಳಿಗೆ ಗಂಡು ಮಗು ಎಂದ, ಒಬ್ಬಳಿಗೆ ಕಳೆದ ಎಮ್ಮೆ ಸಿಗುತ್ತದೆ ಎಂದ. ಉಚ್ಚಮ್ಮನೂ ಕೈ ಚಾಚಿದಳು. ಬರೀ ಮುಖದಲ್ಲಿ ಅವಳ ಮುಂದೆ ನಿಂತು ಒಂದು ಮಾತಾಡಲು ಎದೆಯಿಲ್ಲದವನು, ಬಣ್ಣದೊಳಗೆ ಕೂತು ಅವಳ ಅಂಗೈ ಹಿಡಿದ.

"ನಿನ್ನ ಬಾಗಲಿಗೆ ಒಬ್ಬಾತ ಬರ್ತಾನವ್ವಾ," ಎಂದನಂತೆ. "ಅವಗ ಹೊಲ ಇಲ್ಲ, ಮನಿ ಇಲ್ಲ, ಊರು ಸೈತ ಇಲ್ಲ. ನಿನ್ನ ಬಿಟ್ಟು ಬ್ಯಾರೆ ಧ್ಯಾಸನೂ ಇಲ್ಲ. ಒಲ್ಲೆ ಅನಬ್ಯಾಡ."

ಹೆಂಗಸರು ಹೋ ಎಂದು ನಕ್ಕರು. ಉಚ್ಚಮ್ಮ ಕೈ ಹಿಂದಕ್ಕೆಳೆದುಕೊಂಡು ಅವರೆಲ್ಲರಿಗಿಂತ ಜೋರಾಗಿ ನಕ್ಕು, ಸೆರಗು ಬಾಯಿಗೆ ಹಚ್ಚಿಕೊಂಡು ಒಳಗೆ ಹೋದಳು. ಅಷ್ಟೇ.

ಮರುದಿನ ಕಡೆಯ ದಿನ. ಬಣ್ಣ ತೊಳೆದು ಊರಿನ ಮನೆಮನೆಗೂ ಹೋಗಬೇಕು. ಹೊನ್ನೂರಪ್ಪ ತನಗೆ ಜ್ವರ ಬಂದಿದೆ ಎಂದು ನರಸಪ್ಪನಿಗೆ ಹೇಳಿ ಹುಣಸೆ ಮರದ ಬುಡದಲ್ಲಿ ಕಂಬಳಿ ಹೊದ್ದು ಮಲಗಿಬಿಟ್ಟ. ಉಳಿದವರು ಹೋಗಿ ಬಂದರು. ಮುಂದಿನ ವರ್ಷದಿಂದ ಮೇಳ ಚಿಪ್ಪಗಿರಿಗೆ ಹೋಗುವಾಗ ಇವನು ಏನಾದರೊಂದು ನೆವ ತೆಗೆದು ಹಿಂದೆ ಉಳಿದ. ಮದುವೆ ಮಾಡೋಣ ಎಂದು ನರಸಪ್ಪ ಬೆನ್ನು ಹತ್ತಿದರೂ ಆಗಲಿಲ್ಲ.

"ಇಷ್ಟು ವರ್ಷ ಆತು," ಎಂದ ಹೊನ್ನೂರಪ್ಪ. "ಒಂದ ತಿಳೀವಲ್ದು ನನಗ. ಆಕಿ ನಕ್ಕಳಲ್ಲ, ಅದು ಒಲ್ಲೆ ಅಂದಂಗೋ? ಇಲ್ಲಾ ಬರೇ ನಗಿಯೋ?"

ನನಗೆ ತಲೆ ಕೆಟ್ಟಿತು. "ಹೋಗಿ ಕೇಳೋದಕ್ಕೇನು ಧಾಡಿ ನಿನಗ?"

"ಈಗ ಕೇಳಿ ಏನು ಮಾಡಾದು ಬಿಡ್ರಿ."

ಆದರೆ ಬಿಡಲಿಲ್ಲ ಅವನು. ಮಾತು ಎಲ್ಲಿ ಶುರುವಾದರೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಎಂಬತ್ತಾರರ ಹೊತ್ತಿಗೆ ಅವನ ಕಣ್ಣಿಗೆ ಪೊರೆ ಬರತೊಡಗಿತು. ಕನ್ನಡಿಯಲ್ಲಿ ಹುಬ್ಬಿನ ಗೆರೆ ಕಾಣದೆ ಕಾಡಿಗೆ ಕೆನ್ನೆಗೆ ಇಳಿಯುತ್ತಿತ್ತು. ಒಂದು ದಿನ ಬೆಂಚಿಗೆ ಬಂದವನು ಕೂರಲಿಲ್ಲ.

"ಆಚಾರ್ರ, ಕಣ್ಣು ಪೂರಾ ಹೋಗಾದ್ರಾಗ ಒಂದ ಸಲ ಚಿಪ್ಪಗಿರಿ ಮಾಡಿ ಬರಾಮಂತ. ಹಾರ್ಮೋನಿಯಂ ಬಾರಿಸಾಕ ಯಾರೂ ಇಲ್ಲ. ನಿಮಗ ಬರತೈತಲ್ಲ."

ನನ್ನ ತಂದೆ ದೇವರನಾಮಕ್ಕೆ ಶ್ರುತಿ ಹಿಡಿಯಲೆಂದು ನಾಲ್ಕು ಮಟ್ಟು ಕಲಿಸಿದ್ದರು. ಅದನ್ನು ಕಟ್ಟಿಕೊಂಡು ಹಗಲುವೇಷದ ಹಿಂದೆ ಓಣಿ ತಿರುಗಿದರೆ ಮಂತ್ರಾಲಯದಲ್ಲಿ ನನ್ನ ಅತ್ತೆ ಅನ್ನಪೂರ್ಣಾಬಾಯಿ ಏನನ್ನುತ್ತಾರೆ ಎಂದು ಯೋಚಿಸಿದೆ. ಆಮೇಲೆ, ಅವರು ಈಗ ಮಾತ್ರ ನನ್ನ ಬಗ್ಗೆ ಚೆನ್ನಾಗಿ ಏನಂದಿದ್ದಾರೆ ಎಂದುಕೊಂಡು ರಜೆ ಹಾಕಿದೆ. ಗುಂತಕಲ್ಲಿನವರೆಗೆ ಗಾಡಿ, ಅಲ್ಲಿಂದ ಬಸ್ಸು. ಟ್ರಂಕು ಅವನ ತಲೆಯ ಮೇಲೆ, ಹಾರ್ಮೋನಿಯಂ ನನ್ನ ತಲೆಯ ಮೇಲೆ. ಜುಟ್ಟು, ಗೋಪಿಚಂದನದ ಮುದ್ರೆ, ಮೇಲೆ ಹಾರ್ಮೋನಿಯಂ. ಬಸ್ಸಿನವರು ನನ್ನನ್ನೇ ವೇಷದವನು ಎಂದುಕೊಂಡರು, ಅವನನ್ನು ಕೂಲಿಯವನು ಎಂದುಕೊಂಡರು.

ಚಿಪ್ಪಗಿರಿಯಲ್ಲಿ ಹಳಬರಿಗೆ ಮೇಳದ ನೆನಪಿತ್ತು. ನರಸಪ್ಪನ ಹೆಸರು ಹೇಳಿದ್ದಕ್ಕೆ ಇಳಿದುಕೊಳ್ಳಲು ಗುಡಿಯ ಪಡಸಾಲೆ ಕೊಟ್ಟರು. ಮೊದಲ ದಿನ ಶೂರ್ಪಣಖಿ. ಹುಬ್ಬು ನಾನೇ ತೀಡಿದೆ, ಎರಡೂ ಬೇರೆ ಬೇರೆ ದಿಕ್ಕಿಗೆ ಹೋದವು. ಶೂರ್ಪಣಖಿಗೆ ಅದೇ ಚೆಂದ ಎಂದು ಅವನು ಸಮಾಧಾನ ಹೇಳಿದ. ಮಕ್ಕಳು ಕುಣಿದವು. ಮರುದಿನ ಕೊರವಂಜಿ. ಬುಟ್ಟಿ ಇಳಿಸಿ ಕೂತ ರೀತಿ ನೋಡಿ ಮುದುಕಿಯರು ಅದೇ ಆತ, ಅದೇ ಆತ ಎಂದು ಪಿಸುಗುಟ್ಟಿದರು. ಅವನು ಯಾರಿಗೂ ಗೊತ್ತಾಗದ ಹಾಗೆ ನನ್ನ ಕಡೆ ಬಾಗಿ ಕೇಳಿದ.

"ಕೆಂಪು ಬಾಗಲದ ಮನಿ. ಯಾರರ ಹೊರಗ ಬಂದಾರೇನು ನೋಡ್ರಿ."

ಬಾಗಿಲು ಅರ್ಧ ತೆರೆದಿತ್ತು. ಯಾರೂ ಬರಲಿಲ್ಲ. ಅವನು ಅಲ್ಲಿ ಬೇಕಂತಲೇ ಹಾಡನ್ನು ಎರಡು ಸಲ ಹಾಡಿದ. ಆಗಲೂ ಬರಲಿಲ್ಲ. ಊರು ಬಿಟ್ಟು ಹೋಗಿದ್ದಾಳೋ, ಸತ್ತೇ ಹೋಗಿದ್ದಾಳೋ ಎಂದು ನಾನೂ ಹೆದರಿದೆ. ಆ ಸಂಜೆ ಬಣ್ಣ ತೊಳೆಯುವಾಗ ಅವನು ಅರದಾಳ ಹೋದ ಮೇಲೂ ಮುಖ ಉಜ್ಜುತ್ತಲೇ ಇದ್ದ.

ಬೆಳಗಾಯಿತು. ಕಡೆಯ ದಿನ. ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅವನು ಕಂಬಳಿ ಹೊದ್ದು ಕೂತಿದ್ದ.

"ಯಾಕೋ ಮೈ ಬಿಸಿ ಆದಂಗ ಆಗೇತ್ರಿ ಆಚಾರ್ರ."

ನನಗೆ ಅಷ್ಟೊಂದು ಸಿಟ್ಟು ಯಾವತ್ತೂ ಬಂದಿರಲಿಲ್ಲ. "ಎದ್ದೇಳೋ ಭಂಡಾ!" ಎಂದು ಗುಡಿ ಎನ್ನುವುದನ್ನೂ ಮರೆತು ಕಿರುಚಿದೆ. "ನಿನ್ನ ಸಲುವಾಗಿ ನಾನು ಜುಟ್ಟಿನ ಮ್ಯಾಲೆ ಪೆಟ್ಟಿಗಿ ಹೊತ್ತುಕೊಂಡು ಬಂದೀನಿ. ನಿನಗ ಮತ್ತ ಜ್ವರ? ಕಂಬಳಿ ತಗೀ ಮೊದಲ!" ಕಂಬಳಿ ನಾನೇ ಕಿತ್ತು ಎಸೆದೆ. ಜೋಳಿಗೆ ಅವನ ಹೆಗಲಿಗೆ ಹಾಕಿ ಮುಂದೆ ದೂಡಿಕೊಂಡು ಹೊರಟೆ.

ಬೇರೆ ಮನೆಗಳಲ್ಲಿ ಕೊಟ್ಟರು. ಆದರೆ ನಿನ್ನೆ ಕೊರವಂಜಿ ಆದವನು ಯಾಕೆ ಬರಲಿಲ್ಲ ಎಂದು ಅವನನ್ನೇ ಕೇಳಿದರು. "ನಾನ ರೀ ಅದು," ಎಂದು ಅವನು ತಲೆ ತಗ್ಗಿಸಿ ಹೇಳುತ್ತಿದ್ದ. ಅವರು ನಂಬಿದರೋ ಬಿಟ್ಟರೋ.

ಕೆಂಪು ಬಾಗಿಲಿನ ಮುಂದೆ ಒಬ್ಬ ಹೆಂಗಸು ಮೊರದಲ್ಲಿ ಶೇಂಗಾ ಹಸನು ಮಾಡುತ್ತ ಕೂತಿದ್ದಳು. ಕೂದಲು ಮುಕ್ಕಾಲು ಬೆಳ್ಳಗಾಗಿತ್ತು. ಹೊನ್ನೂರಪ್ಪನಿಗೆ ಕಣ್ಣು ಮಂಜು, ಯಾರೆಂದು ಕಾಣಿಸಲಿಲ್ಲ. ಅವಳು ತಲೆ ಎತ್ತಿದಳು. ಅವನ ಮುಖವನ್ನು ಒಮ್ಮೆ ನೋಡಿದಳು. ಕೈ ನಿಂತಿತು.

"ಜ್ವರ ಬಿಟ್ಟಿತೇನು?" ಎಂದಳು.

ಹೊನ್ನೂರಪ್ಪನ ಜೋಳಿಗೆ ಹೆಗಲಿನಿಂದ ಜಾರಿ ಕೈಗೆ ಬಂತು.

"ಅವತ್ತು ನಿಮ್ಮ ಮಾವ ಬಂದಿದ್ದ ಬಾಗಲಿಗೆ," ಎಂದು ಉಚ್ಚಮ್ಮನೇ ಮುಂದುವರಿಸಿದಳು. ದನಿ ಸಣ್ಣದಿತ್ತು, ಅದರೊಳಗೆ ಸಿಟ್ಟಿತ್ತು. "ಅವನ ಹಿಂದ ನೋಡಿದೆ. ಒಬ್ಬಾತ ಕಡಿಮಿ ಅದಾನಲ್ಲ ಅಂದೆ. ಅವಗ ಜ್ವರ, ಮರದ ಬುಡಕ ಮಕ್ಕಂಡಾನ ಅಂದ. ಸಂಜಿತನಕ ಬಾಗಲದಾಗ ಕುಂತೆ. ಜ್ವರ ಇಳದ ಮ್ಯಾಲೆ ಬರ್ತಾನಂತ."

"ನೀನು... ನೀನು ನಕ್ಕಿ," ಎಂದ ಹೊನ್ನೂರಪ್ಪ.

"ನಕ್ಕೆ. ಓಣಿ ಹೆಂಗಸ್ರೆಲ್ಲಾ ಸುತ್ತ ನಿಂತಿದ್ರು, ನಗದ ಮತ್ತೇನು ಮಾಡ್ಲಿ? ವೇಷಕ್ಕ ಹ್ಞೂಂ ಅನ್ನಾಕ ಬರತೈತೇನು? ವೇಷಕ್ಕ ಒಂದು ಹಿಡಿ ಜ್ವಾಳ ನೀಡಂಗಿಲ್ಲ, ನನ್ನ ನಾನು ಹೆಂಗ ನೀಡ್ಲಿ? ಕೇಳಾಕ ಕಡೀ ದಿನ ಐತಲ್ಲ ಅಂದ್ಕಂಡೆ. ಎಲ್ಲಾರಿಗಿಂತ ನಿನಗ ಗೊತ್ತಿರಬೇಕಲ್ಲ ಅದು. ನಿಮ್ದ ಪದ್ಧತಿ." ಅವಳು ಮೊರವನ್ನು ಕೆಳಗಿಟ್ಟಳು. "ಅವತ್ತು ಮೊರದ ತುಂಬ ಜ್ವಾಳ ಹಾಕಿ, ಮ್ಯಾಲೆ ಎಲಿ ಅಡಿಕಿ ಇಟ್ಕಂಡಿದ್ದೆ. ಜ್ವಾಳ ನಿಮ್ಮ ಮಾವಗ ನೀಡಿದೆ. ಎಲಿ ಅಡಿಕಿ ಬಾಡಿತು."

ನಮ್ಮ ಕಡೆ ಹೆಣ್ಣು ಕೇಳಿದವರಿಗೆ ಎಲೆ ಅಡಿಕೆ ಕೊಟ್ಟರೆ ಒಪ್ಪಿದ್ದೇವೆ ಎಂದು ಅರ್ಥ, ಬೇರೆ ಮಾತು ಬೇಕಾಗಿಲ್ಲ. ಹೊನ್ನೂರಪ್ಪ ನಿಂತೇ ಇದ್ದ.

"ನಿನಗ ಬೇಕಾದದ್ದು ವೇಷ ಅಂತ ತಿಳಿದಿದ್ದೆ," ಎಂದ. "ಈ ಮುಖಾ ಯಾರು ನೋಡ್ತಾರ ಅಂತ."

"ವೇಷ ನೋಡಾಕ ಊರೆಲ್ಲಾ ಬರ್ತಿತ್ತು," ಎಂದಳು ಉಚ್ಚಮ್ಮ. "ವರ್ಸಾ ಕಡೀ ದಿನ ನಿಮ್ಮ ಮಾವನ ಬೆನ್ನಿಂದ ಜೋಳಿಗಿ ಹಿಡಕಂಡು, ತಲಿ ಬಗ್ಗಿಸಿ ನಿಲ್ಲತಿದ್ದಿ ನೋಡು. ಆ ಮುಖಾ ನೋಡಾಕ ನಾನೊಬ್ಬಾಕಿ ಬಾಗಲದಾಗ ನಿಂದ್ರತಿದ್ದೆ. ನೀನು ಒಂದ ಸಲನೂ ತಲಿ ಎತ್ತಲಿಲ್ಲ."

ಎಲ್ಲೋ ದೂರದಲ್ಲಿ ಕುರಿಗಳು ಒದರಿದವು. ಅವಳು ಅತ್ತ ತಿರುಗಿ ನೋಡಿದಳು. ಮೂರು ವರ್ಷ ಕಾದು ಭೀಮಲಿಂಗಪ್ಪನ ಜೊತೆ ಉಡಿಕೆ ಆಯಿತು, ಅವನೇ ಈ ಮನೆಗೆ ಬಂದ ಎಂದಳು. ಒಳ್ಳೆಯ ಮನುಷ್ಯ, ಕುರಿ ಬಿಟ್ಟು ಬೇರೆ ಗೊತ್ತಿಲ್ಲ, ಒಂದು ದಿನ ಕೈ ಎತ್ತಿಲ್ಲ. ಮಗಳನ್ನು ಆಲೂರಿನ ಕಡೆ ಕೊಟ್ಟಿದ್ದಾರೆ. ನಿನ್ನೆ ಕೊರವಂಜಿ ಬಂದಾಗ ದನಿ ಗುರುತು ಹತ್ತಿ ಒಳಗೇ ಕೂತೆ ಎಂದಳು. ಇವತ್ತು ಬರ್ತಾನೋ ಇಲ್ಲೋ ನೋಡೋಣ ಎಂದು ಬೆಳಗಿನಿಂದ ಬಾಗಿಲಿಗೆ ಬಂದು ಶೇಂಗಾ ಹಿಡಿದು ಕೂತಿದ್ದಳಂತೆ.

ಒಳಗೆ ಹೋಗಿ ಮೊರದ ತುಂಬ ಜೋಳ ತಂದಳು. ಹೊನ್ನೂರಪ್ಪ ಜೋಳಿಗೆಯ ಬಾಯಿ ಅಗಲಿಸಿದ. ಮೊರ ಎಲ್ಲಿದೆ ಎಂದು ಕಾಣದೆ ಅರ್ಧ ಜೋಳ ನೆಲಕ್ಕೆ ಬಿತ್ತು. ಮೊರದ ಮೇಲೆ ಎಲೆ ಅಡಿಕೆ ಇರಲಿಲ್ಲ. ಇರುವ ಹಾಗೂ ಇರಲಿಲ್ಲ. ಅವಳು ಖಾಲಿ ಮೊರ ಹಿಡಿದು ಇನ್ನೂ ಸ್ವಲ್ಪ ಹೊತ್ತು ಅವನ ಮುಖ ನೋಡಿದಳು. ಈ ಸಲ ಅವನು ತಲೆ ಎತ್ತಿಕೊಂಡೇ ನಿಂತಿದ್ದ, ಆದರೆ ಅವನ ಕಣ್ಣಿಗೆ ಅವಳು ಕಾಣುತ್ತಿರಲಿಲ್ಲ.

ಗುಂತಕಲ್ಲಿನಲ್ಲಿ ಗಾಡಿ ತಡವಿತ್ತು. ಪ್ಲಾಟ್‌ಫಾರಮ್ಮಿನ ಕೊನೆಯ ಬೆಂಚಿನ ಮೇಲೆ ಕೂತೆವು. ಅವನಿಗೆ ಏನಾದರೂ ಸಮಾಧಾನ ಹೇಳಬೇಕೆಂದು ನಾನು ಮಾತು ಹುಡುಕುತ್ತಿದ್ದೆ. ಟಿಕೆಟ್ ಕೊಡುವವನಿಗೆ ಯಾವ ಊರಿಗೆ ಎಷ್ಟು ಎನ್ನುವುದು ಗೊತ್ತು, ಇಂಥದ್ದಕ್ಕೆ ಏನು ಹೇಳಬೇಕೋ ಗೊತ್ತಿಲ್ಲ. ಅವನು ಅಳಲಿಲ್ಲ. ತಾನೇ ನನ್ನ ಕಡೆ ತಿರುಗಿದ.

"ಆಚಾರ್ರ, ನನ್ನ ಮುಖ ಒಂದಿಷ್ಟು ನೋಡಿ ಹೇಳ್ರಿ. ಹೆಂಗೈತಿ? ಕನ್ನಡಿ ನೋಡಿದ್ರ ನಾನು ಬರೇ ಬಣ್ಣ ಎಲ್ಲಿ ಹಚ್ಚಬೇಕು ಅಂತ ನೋಡತಿದ್ದೆ. ಈಗ ನೋಡಾಮಂದ್ರ ಕಣ್ಣು ಕಾಣವಲ್ದು."

ಅವನ ಪಕ್ಕದಲ್ಲಿ ಅಷ್ಟು ವರ್ಷ ಕೂತಿದ್ದೆನಲ್ಲ, ನಾನೂ ಆ ದಿನವೇ ಮೊದಲು ನೋಡಿದ್ದು. ನಿಧಾನವಾಗಿ ಹೇಳಿದೆ. ಅವನು ಕಿವಿಗೊಟ್ಟು ಕೇಳಿದ, ಬೇರೆ ಯಾರದೋ ಸುದ್ದಿ ಕೇಳಿದ ಹಾಗೆ. ಮುಗಿದ ಮೇಲೆ, "ಅಷ್ಟೇನು ಕೆಟ್ಟ ಇಲ್ಲಲ್ಲ," ಎಂದ.

ಆಮೇಲೆ ಅವನು ವೇಷ ಹಾಕಲಿಲ್ಲ. ಕಣ್ಣು ಕೈಕೊಟ್ಟಿತು ಎಂದು ಊರವರಿಗೆ ಹೇಳುತ್ತಿದ್ದ. ಸಂತೆಯ ದಿನ ಬರೀ ಮುಖದಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ, ತಲೆ ಎತ್ತಿಕೊಂಡು ಸುಮ್ಮನೆ ಕೂತಿದ್ದು ಬರುತ್ತಿದ್ದ. ಯಾರೂ ಮಾತಾಡಿಸುತ್ತಿರಲಿಲ್ಲ. ಮಧ್ಯಾಹ್ನ ನನ್ನ ಬೆಂಚಿಗೆ ಬಂದರೂ ಮಾತು ಕಡಿಮೆಯಾಗಿತ್ತು, ಕೇಳುವ ಪ್ರಶ್ನೆ ಮುಗಿದುಹೋಗಿತ್ತಲ್ಲ. ಎರಡು ಮಳೆಗಾಲ ಹಾಗೇ ಕಳೆದ. ಈ ಸಲದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವನು ಬರಲಿಲ್ಲ. ಹಳಿ ದಾಟಿ ಹೋಗಿ ಗುಡಿಸಲಿನ ಬಾಗಿಲು ತಳ್ಳಿದವನು ನಾನೇ. ಟ್ರಂಕಿನ ಪಕ್ಕದಲ್ಲಿ ಮಲಗಿದ್ದ.

ಹನುಮಂತುವನ್ನು ಕರೆದುಕೊಂಡು ಆದವಾನಿಗೆ ಹೋದೆ. ಅಲ್ಲಿ ಯರ್ರೆಪ್ಪ ಎಂಬ ಪೇಂಟರ್ ಇದ್ದಾನೆ, ಸಿನಿಮಾ ಬೋರ್ಡು ಬರೆಯುವವನು. ಫೋಟೋ ಇಲ್ಲದ ಸತ್ತವರನ್ನು ಮನೆಯವರು ಹೇಳಿದ ಗುರುತಿನ ಮೇಲೆ ಬರೆದುಕೊಡುವುದರಲ್ಲಿ ಹೆಸರು ಮಾಡಿದ್ದಾನೆ. ಪೆನ್ಸಿಲ್ ಹಿಡಿದು ಮೂಗು ಹೇಗಿತ್ತು ಎಂದು ಕೇಳಿದ. ಹನುಮಂತು ನನ್ನ ಮುಖ ನೋಡಿದ.

ಗುಂತಕಲ್ಲಿನ ಬೆಂಚಿನ ಮೇಲೆ ಹೇಳಿದ್ದನ್ನೇ ಮತ್ತೆ ಹೇಳಿದೆ. ಹಣೆ ಅಗಲ. ಬಣ್ಣ ಉಜ್ಜಿ ಉಜ್ಜಿ ಹುಬ್ಬಿನ ಕೂದಲು ಹೊರಗಿನ ತುದಿಯಲ್ಲಿ ಉದುರಿದೆ. ಮೂಗು ಗಿಡ್ಡ, ತುದಿ ದಪ್ಪ. ಎಡಗೆನ್ನೆಯ ಮೇಲೆ ಹುಡುಗರು ಹೊಡೆದ ಕಲ್ಲಿನ ಸಣ್ಣ ಗಾಯದ ಕಲೆ. ಕೆಳತುಟಿ ಸ್ವಲ್ಪ ಮುಂದೆ, ಯಾವಾಗಲೂ ಏನೋ ಹೇಳಲು ಹೊರಟು ನಿಲ್ಲಿಸಿದಂತೆ. ಕಣ್ಣು ದೊಡ್ಡವು, ನೆಲ ನೋಡುವ ಕಣ್ಣು. ಅಷ್ಟು ಹೇಳಿ, ತಡಿ, ನೆಲ ನೋಡೋದು ಬೇಡ, ಎದುರಿಗೆ ನೋಡೋ ಹಾಗೆ ಬರಿ ಎಂದೆ.

ಯರ್ರೆಪ್ಪ ಬರೆದು ಮುಗಿಸಿ ಹಾಳೆಯನ್ನು ಗೋಡೆಗೆ ಆನಿಸಿದ. ಹನುಮಂತು ಕಣ್ಣು ಒರೆಸಿಕೊಂಡ.

"ಸರಿ ಬಂದೈತೇನ್ರಿ ಆಚಾರ್ರ?" ಎಂದ ಯರ್ರೆಪ್ಪ.

"ನನಗೇನು ಗೊತ್ತಪ್ಪಾ," ಎಂದೆ. "ಆ ಮುಖಾ ನೋಡಿದಾಕಿ ಚಿಪ್ಪಗಿರಿಯಾಗ ಇದ್ದಾಳ. ಆಕಿಗೆ ತೋರಿಸಿ ಬರತೀನಿ, ಸುತ್ತಿ ಕೊಡು."